ಹ ಬಿಟ್ಟ ಹೂವು

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅವಳು ಕೆಟ್ಟವಳಾಗಿದ್ದರೆ ಎಷ್ಟೋ ಅನುಕೂಲವಿತ್ತು, ನಾಲ್ಕು ಜನರ ಮುಂದೆ ಬೈದುಕೊಂಡು ಹಗುರಾಗಬಹುದಿತ್ತು. ಅವಳೋ, ನಾನು ಹೊಸ್ತಿಲು ದಾಟುವ ಮೊದಲೇ "ಅಕ್ಕ ಬಂದ್ರು" ಎಂದು ಕೂಗಿ, ಕೈಯಲ್ಲಿನ ಚೀಲ ಕಿತ್ತುಕೊಂಡು, ಕುಡಿಯಲು ನೀರು ತಂದುಕೊಡುವವಳು. ಇಂಥವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಬಲು ಕಷ್ಟದ ಕೆಲಸ. ನಾನು ಅದನ್ನು ಇಷ್ಟು ವರ್ಷ ಒಂದು ದಿನವೂ ತಪ್ಪಿಸದೆ ಮಾಡಿಕೊಂಡು ಬಂದಿದ್ದೇನೆ.

ಅವಳು ಬರುವ ಮುಂಚೆ ಆ ಮನೆಗೆ ಕಂಪ್ಯೂಟರ್ ಸೊಸೆ ಎಂದರೆ ನಾನು. ಗಂಡನ ಮನೆ ಇರುವುದು ಗುಂಡ್ಲುಪೇಟೆಯಲ್ಲಿ. ನಾನೂ ನನ್ನ ಗಂಡನೂ ಕೆಲಸದ ಸಲುವಾಗಿ ಚಾಮರಾಜನಗರದಲ್ಲಿದ್ದೇವೆ. ಅಲ್ಲಿನ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತೇನೆ. ಪಹಣಿ ತೆಗೆಯಬೇಕೆ, ಗ್ಯಾಸ್ ಬುಕ್ ಮಾಡಬೇಕೆ, ಯಾರದೋ ಮಗಳ ಪರೀಕ್ಷೆಯ ಫಲಿತಾಂಶ ನೋಡಬೇಕೆ, ಅತ್ತೆ ನನಗೇ ಫೋನ್ ಮಾಡುತ್ತಿದ್ದರು. ಆಮೇಲೆ ಮೈದುನನ ಮದುವೆಯಾಯಿತು. ಬಂದವಳೂ ಕಂಪ್ಯೂಟರ್ ಡಿಪ್ಲೊಮಾ ಓದಿದವಳೇ, ಗುಂಡ್ಲುಪೇಟೆಯಲ್ಲೇ ಒಂದು ಕಚೇರಿಯಲ್ಲಿ ಆಪರೇಟರ್ ಕೆಲಸ, ಇರುವುದು ಅತ್ತೆಯ ಜೊತೆಯಲ್ಲೇ. ಪಕ್ಕದಲ್ಲೇ ಒಬ್ಬಳು ಕೂತಿರುವಾಗ ದೂರದವಳಿಗೆ ಯಾರು ಫೋನ್ ಮಾಡುತ್ತಾರೆ? ನನ್ನ ಫೋನು ಸದ್ದಿಲ್ಲದೆ ಬಿದ್ದಿರಲು ಶುರುವಾಯಿತು. ಕೆಟ್ಟಿದೆಯೇನೋ ಎಂದು ನಾನೇ ನನ್ನ ನಂಬರಿಗೆ ಗಂಡನ ಫೋನಿನಿಂದ ಕರೆ ಮಾಡಿ ನೋಡಿದ್ದೂ ಉಂಟು.

ಅತ್ತೆಗಾಗಿ ಇಷ್ಟು ಒದ್ದಾಟವೇ ಎಂದು ಯಾರಾದರೂ ಕೇಳಬಹುದು. ನನಗೆ ತಾಯಿ ಇಲ್ಲ. ಕುದೇರು ಎಂಬ ಊರಿನಲ್ಲಿ ಮೇಷ್ಟರಾಗಿದ್ದ ಅಪ್ಪನ ಕೈಯಲ್ಲಿ ಬೆಳೆದವಳು ನಾನು. ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ಅತ್ತೆ ನನ್ನನ್ನು ಹಿತ್ತಲ ಜಗಲಿಯ ಮೇಲೆ ಕೂರಿಸಿಕೊಂಡು, "ಬಾರಮ್ಮಿ, ಅಳ್ಳೆಣ್ಣೆ ಆಕ್ತೀನಿ, ಕೂದ್ಲು ಇಂಗೆ ತೆಂಗಿನ ನಾರಾಗದಲ್ಲ" ಎಂದರು. ತಲೆಯ ಮೇಲೆ ಆ ಅಂಗೈ ಬಿದ್ದಾಗ ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಅದು ಕಾಣಬಾರದೆಂದು ಏನಾದರೂ ಮಾತಾಡಬೇಕಿತ್ತು. "ಅಳ್ಳೆಣ್ಣೆ ಅಲ್ಲ ಅತ್ತೆ, ಹರಳೆಣ್ಣೆ" ಎಂದೆ.

ನಮ್ಮ ಸೀಮೆಯಲ್ಲಿ ಹ ಎಂಬ ಅಕ್ಷರಕ್ಕೆ ಬಾಯಲ್ಲಿ ಜಾಗವಿಲ್ಲ. ಹೋಗು ಎಂಬುದು ಓಗು, ಹಾಲು ಎಂಬುದು ಆಲು. ಆದರೆ ನಮ್ಮಪ್ಪ ಅದನ್ನು ಸಹಿಸುತ್ತಿರಲಿಲ್ಲ. "ಹಾಲು ಕುಡಿಯೋದು, ಆಲ ನೆರಳು ಕೊಡೋದು" ಎಂದು ಕಿವಿ ಹಿಂಡಿ ಹಿಂಡಿ ನನ್ನ ನಾಲಿಗೆಗೆ ಹ ಕೂರಿಸಿದ್ದರು. ನಾನು ಅತ್ತೆಯ ನಾಲಿಗೆಗೆ ಕೂರಿಸಹೊರಟೆ. ಅವರು ಒಳ್ಳೆಯ ವಿದ್ಯಾರ್ಥಿನಿ. ನಗುತ್ತಲೇ ಕಲಿತರು. ಹಾಲು, ಹಸು, ಹಿಟ್ಟು, ಹೊಲ. ನಾನು ಊರಿಗೆ ಹೋದಾಗಲೆಲ್ಲ ಅತ್ತೆ ನನ್ನ ಜೊತೆ ಅಚ್ಚುಕಟ್ಟಾಗಿ ಹ ಹಚ್ಚಿಯೇ ಮಾತಾಡುವರು. ನನ್ನ ಗಂಡನಿಗೂ ಸಿಗದ ಮಾತು ಅದು. ನನಗೆ ಹೆಮ್ಮೆಯಿತ್ತು. ಅದರ ನಡುವೆ ಎಲ್ಲೋ ಅವರ ಬಾಯಲ್ಲಿ ನನಗಿದ್ದ, ಮನೆಮಗಳನ್ನು ಕರೆಯುವ ಸಲಿಗೆಯ "ಅಮ್ಮಿ" ಹೋಗಿ "ನೋಡವ್ವ" ಆಗಿತ್ತು. ಅದು ಯಾವಾಗ ಆಯಿತೋ ನಾನು ಗಮನಿಸಲಿಲ್ಲ. "ಅಮ್ಮಿ" ಈಗ ವಾರಗಿತ್ತಿಯ ಪಾಲಿಗೆ ಹೋಗಿತ್ತು.

ಹೀಗಿರುವಾಗ ಒಂದು ದಿನ ಅತ್ತೆಯೇ ಫೋನ್ ಮಾಡಿದರು. ಅತ್ತೆ ಅವರ ಬೀದಿಯ ಹೆಂಗಸರ ಸಂಘಕ್ಕೆ ಮುಂದಾಳು. ಎಲ್ಲರೂ ಚೆಂಡುಹೂ ಬೆಳೆಯುವವರು, ಕುಯ್ಯುವುದು ಮುಯ್ಯಾಳಿನ ಲೆಕ್ಕದಲ್ಲಿ. ಇವತ್ತು ನಿನ್ನ ಹೊಲಕ್ಕೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನೀನು. ಓಣಂ ಹತ್ತಿರ ಬಂದಾಗ ಕೇರಳದ ಗಾಡಿಗಳು ಹೂವಿಗಾಗಿ ಬಂದು ನಿಲ್ಲುತ್ತವೆ. ರಾತ್ರಿ ಬಂಡೀಪುರದ ಗೇಟು ಹಾಕುವ ಮುಂಚೆ ಅವು ಕಾಡು ದಾಟಬೇಕು, ಯಾರಿಗೂ ಕಾಯುವುದಿಲ್ಲ. ಹೋದ ವರ್ಷ ಇಬ್ಬರು ಒಂದೇ ದಿನಕ್ಕೆ ಕುಯ್ಲು ಇಟ್ಟುಕೊಂಡು, ಆಳು ಸಾಲದೆ, ಒಬ್ಬಳ ಹೂವು ಗಿಡದಲ್ಲೇ ಕಂದಿತ್ತು. ಆ ಜಗಳ ಇನ್ನೂ ಆರಿರಲಿಲ್ಲ. ಮತ್ತೆ ಹಾಗಾದರೆ ಸಂಘ ಒಡೆಯುವುದು ಖಂಡಿತ ಎಂದು ಅತ್ತೆಗೆ ಭಯ.

"ನೋಡವ್ವ, ಯಾರ ಹೊಲದ ಸರದಿ ಯಾವತ್ತು ಅಂತ ಹೆಲ್ಲಾರ ಮೊಬೈಲಲ್ಲೂ ಕಾಣ್ಬೇಕು. ಅಂಥ ಹಾಪು ಒಂದು ಮಾಡ್ಕೊಡವ್ವ."

"ಆ್ಯಪ್ ಅತ್ತೆ. ಅಲ್ಲಿ ಹ ಬರಲ್ಲ."

"ಬರಕಿಲ್ವಾ? ಇರ್ಲಿ ಬುಡವ್ವ, ಹೊಂದು ಹೆಚ್ಗೆ ಹಾಕುದ್ರೆ ತಪ್ಪೇನಿಲ್ಲ."

ನನಗೆ ಕುಣಿಯುವಷ್ಟು ಖುಷಿ. ನನ್ನನ್ನು ಕೇಳಿದ್ದಾರೆ, ಅವಳನ್ನಲ್ಲ! ಅಷ್ಟರಲ್ಲಿ ಅತ್ತೆ, "ಮುಂದಿಂದು ನೀ ಮಾಡು, ಹಿಂದಿಂದು ಅವಳು ಮಾಡ್ತಾಳಂತೆ" ಎಂದುಬಿಟ್ಟರು. ಉರಿಯುವ ಒಲೆಗೆ ನೀರು ಹೊಯ್ದಂತಾಯಿತು.

ಆ್ಯಪಿಗೆ ಮುಂದೆ ಹಿಂದೆ ಎಂದು ಎರಡು ಉಂಟು. ಹೋಟೆಲ್ಲಿನ ಮೇಜು, ಹಿಂದಿನ ಅಡುಗೆಮನೆ ಇದ್ದ ಹಾಗೆ. ಮೊಬೈಲಿನಲ್ಲಿ ಕಾಣುವ ಬಟನ್ನು, ಬಣ್ಣ, ಪಟ್ಟಿ ಎಲ್ಲ ಮುಂದಿನದು. ಹೆಸರು, ಹೊಲ, ಸರದಿ ಇವೆಲ್ಲ ತುಂಬಿರುವ ಡೇಟಾಬೇಸು ಹಿಂದಿನದು. ಅದು ಯಾರ ಮೊಬೈಲಿನಲ್ಲೂ ಇರುವುದಿಲ್ಲ. ದೂರದಲ್ಲೆಲ್ಲೋ ಬಾಡಿಗೆಗೆ ಸಿಗುವ ಕಂಪ್ಯೂಟರಿನಲ್ಲಿರುತ್ತದೆ, ಅದನ್ನೇ ಕ್ಲೌಡು, ಮೋಡ ಎನ್ನುವುದು. ಅತ್ತೆಗೆ ಇದನ್ನು ಹೇಳಿದಾಗ, "ಮೋಡ ನಂಬಂಗಿಲ್ಲ ಕಣವ್ವ. ಗೋಪಾಲಸ್ವಾಮಿ ಬೆಟ್ಟದ ತಾವು ಬಂದು ನಿಂತ್ಕತದೆ, ಹೊಂದು ಹನಿನೂ ಹಾಕ್ದೆ ಹೋಯ್ತದೆ" ಎಂದರು.

ನಾನು ಕಾಲೇಜಿನಿಂದ ಬಂದವಳೇ ಒಬ್ಬಳೇ ಕೂತು ಬಟನ್ನಿಗೆ ಚೆಂಡುಹೂವಿನ ಹಳದಿ ಹಚ್ಚುತ್ತಿದ್ದೆ. ನನ್ನ ಗಂಡ ಇಣುಕಿ ನೋಡಿ, "ಬಣ್ಣ ಬಳ್ದೂ ಬಳ್ದೂ ಮೊಬೈಲ್‌ಗೆ ಕಾಮಾಲೆ ಬಂದಂಗದೆ ಕಣೆ" ಎಂದು ನಕ್ಕು ಹೋಗುತ್ತಿದ್ದರು. ಮುಂದಿನದಕ್ಕೆ ಯಾರ ಜೊತೆಯೂ ಬೇಡ. ಹಿಂದಿನದನ್ನು ಮಾಡುವವಳು ಮಾತ್ರ ಸಂಜೆ ಸಂಜೆ ಅತ್ತೆಯ ಪಕ್ಕದಲ್ಲಿ ಕೂರಬೇಕು. ಯಾರಿಗೆ ಹೊಲ ಎಲ್ಲಿದೆ, ಯಾರ ಮನೆಗೆ ಯಾರು ಮುಯ್ಯಿ ಹೋಗಬೇಕು, ಎಲ್ಲ ಅತ್ತೆಯ ತಲೆಯಲ್ಲಿದ್ದದ್ದು. ಏನೋ ಅನುಮಾನ ಕೇಳುವ ನೆಪದಲ್ಲಿ ನಾನು ವಾರಗಿತ್ತಿಗೆ ಫೋನ್ ಮಾಡಿದರೆ ಹಿಂದಿನಿಂದ ಅತ್ತೆಯ ದನಿ ಕೇಳಿಸುತ್ತಿತ್ತು. "ಅಯ್ಯ, ಓಗಮ್ಮಿ! ಅಂಗಲ್ಲ ಕಣೆ, ಉಣಸೆಮರದ ಮನೆಯೋಳ್ಗೆ ಎರಡ್ ಕಡೆ ಒಲ ಅದೆ!" ಎಂದು ಒಂದು ಮಾತು, ಅದರ ಬೆನ್ನಿಗೇ ಇಬ್ಬರದೂ ನಗು. ಅಂಥ ನಗುವೇನು ಇದೆ ಹುಣಸೆಮರದ ಮನೆಯಲ್ಲಿ? "ಅತ್ತೆಗೆ ಕೊಡು" ಎನ್ನುತ್ತಿದ್ದೆ. ಫೋನು ಕೈಗೆ ಬಂದದ್ದೇ ಅತ್ತೆ ಗಂಟಲು ಸರಿಮಾಡಿಕೊಂಡು, "ಹೇಳವ್ವ. ಹುಷಾರಾಗಿದ್ದೀಯಾ?" ಎನ್ನುವರು. ಹ ಅಂದರೆ ಹ, ಒಂದೂ ತಪ್ಪಿಲ್ಲ. ಆದರೆ ನಗು ಮಾತ್ರ ಅಲ್ಲೇ ನಿಂತುಹೋಗಿರುತ್ತಿತ್ತು.

"ನಿನ್ ಒಟ್ಟೆಕಿಚ್ಗೆ ಗ್ಯಾಸೇ ಬ್ಯಾಡ, ಮುದ್ದೆ ಬೇಯ್ತದೆ" ಎಂದರು ನನ್ನ ಗಂಡ. ಅವತ್ತು ಅವರಿಗೆ ಮುದ್ದೆಯನ್ನೇ ಹಾಕಲಿಲ್ಲ.

ಕೊನೆಗೆ ಎರಡೂ ಕಡೆಯ ಕೆಲಸ ಮುಗಿದು, ಜೋಡಿಸುವುದೊಂದು ಉಳಿಯಿತು. ನನ್ನ ಆ್ಯಪು ಅವಳ ಡೇಟಾಬೇಸನ್ನು ತಲುಪಬೇಕಾದರೆ ನಡುವೆ ಒಂದು ಸೇತುವೆ ಬೇಕು. ಅದನ್ನೂ ನಾನೇ ಬರೆದಿಟ್ಟಿದ್ದೆ. ಅದರೊಳಗೆ ಡೇಟಾಬೇಸಿನ ವಿಳಾಸ, ಹೆಸರು, ಪಾಸ್‌ವರ್ಡು, ಇಷ್ಟು ತುಂಬಿದರೆ ಆಯಿತು. ಒಂದು ಅಕ್ಷರ ಆಚೀಚೆಯಾದರೂ ಬಾಗಿಲು ತೆಗೆಯುವುದಿಲ್ಲ. ಇಂಥ ಗುಟ್ಟಿನ ವಿಷಯವನ್ನು ವಾಟ್ಸಾಪಿನಲ್ಲಿ ಕಳಿಸಬಾರದು, ಬಾಯಲ್ಲೇ ಹೇಳಬೇಕು ಎಂದು ನಾನೇ ಅವಳಿಗೆ ಟೀಚರಂತೆ ಅಪ್ಪಣೆ ಮಾಡಿದ್ದೆ.

ಒಂದು ಭಾನುವಾರ ಊಟವಾದ ಮೇಲೆ ಹೆಂಗಸರನ್ನೆಲ್ಲ ಮನೆಗೆ ಕರೆದು ತೋರಿಸುವುದೆಂದು ಅತ್ತೆ ಗೊತ್ತು ಮಾಡಿದರು. ಮರುದಿನದಿಂದಲೇ ಕುಯ್ಲು. ನಾನು ಲ್ಯಾಪ್‌ಟಾಪ್ ಎದೆಗವಚಿಕೊಂಡು ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಊಟದ ಹೊತ್ತಿಗೆ ಗುಂಡ್ಲುಪೇಟೆಗೆ ಬಂದೆ. ವಾರಗಿತ್ತಿ ಮನೆಯಲ್ಲಿರಲಿಲ್ಲ, ಜಮಖಾನ ಎರವಲು ತರಲು ಸ್ಕೂಟರಿನಲ್ಲಿ ಹೋಗಿದ್ದಳು. ಫೋನ್ ಮಾಡಿದೆ. ವಿಳಾಸ ಹೇಳಿದಳು, ಪಾಸ್‌ವರ್ಡು ಹೇಳಿದಳು.

"ಡೇಟಾಬೇಸ್ ಹೆಸರು?"

"ಊವು ಅಂತ ಅಕ್ಕ."

"ಇಂಗ್ಲಿಷ್ ಅಕ್ಷರದಲ್ಲಿ ತಾನೆ?"

"ಊಂ ಅಕ್ಕ. ಓ ಎರಡು, ಕೊನೇಲಿ ವಿ, ಯು."

ಊವು ಅಂತೆ ಊವು. ಡಿಪ್ಲೊಮಾ ಓದಿದ್ದಾಳೆ, ಹೂವು ಅನ್ನಲು ಬರುವುದಿಲ್ಲ ಎಂದುಕೊಳ್ಳುತ್ತಲೇ ನಾನು ಟೈಪ್ ಮಾಡಿದೆ. ಎಚ್ ಅಕ್ಷರದ ಮೇಲೆ ಬೆರಳು ತಾನಾಗಿಯೇ ಬಿತ್ತು.

ಓಡಿಸಿದೆ. ಆ ಹೆಸರಿನ ಡೇಟಾಬೇಸ್ ಇಲ್ಲ ಎಂದು ಕೆಂಪಗೆ ಬಂತು. ಮತ್ತೆ ಓಡಿಸಿದೆ. ಇಲ್ಲ. ವಿಳಾಸವನ್ನು ಅಕ್ಷರ ಅಕ್ಷರವಾಗಿ ನೋಡಿದೆ, ಪಾಸ್‌ವರ್ಡನ್ನು ಅಳಿಸಿ ಬರೆದೆ. ಇಲ್ಲವೆಂದರೆ ಇಲ್ಲ. ಅವಳಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ನನ್ನ ತಲೆ ಬೇರೆ ದಾರಿ ಹಿಡಿಯಿತು. ಇಲ್ಲದ ಹೆಸರನ್ನು ಬೇಕೆಂದೇ ಹೇಳಿದ್ದಾಳೆ. ಎಲ್ಲರ ಮುಂದೆ ನಾನು ಮುಖ ಕೆಡಿಸಿಕೊಂಡು ಕೂತಿರುವಾಗ ಬಂದು, ಇವಳು ಸರಿಮಾಡಿ, ಶಹಬ್ಬಾಸ್ ಅನ್ನಿಸಿಕೊಳ್ಳಬೇಕು. ಅಕ್ಕ ಅಕ್ಕ ಅಂತ ಬಾಯಲ್ಲಿ ಬೆಲ್ಲ, ಒಳಗೆ ಇದು! ಇಷ್ಟು ವರ್ಷ ಹುಡುಕಿದ ಕೆಟ್ಟತನ ಕೊನೆಗೂ ಸಿಕ್ಕಿತಲ್ಲ ಎಂದು ಒಳಗೊಳಗೇ ಒಂದು ನೆಮ್ಮದಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಹೆಂಗಸರು ಬಂದರು. ನಡುಮನೆ ತುಂಬಿ ಜಗಲಿಯವರೆಗೂ ಕೂತರು. ಹೇಳಿಕೊಟ್ಟ ಹಾಗೆ ಮೊಬೈಲಿನಲ್ಲಿ ಆ್ಯಪು ತೆಗೆದರು. ಹಳದಿ ಪರದೆ ಬಂತು, ನಡುವೆ ಒಂದು ಚಕ್ರ ಸುತ್ತತೊಡಗಿತು. ಸುತ್ತಿತು, ಸುತ್ತಿತು.

"ಇದೇನವ್ವ, ಗಾಣದೆತ್ತು ಸುತ್ತುದಂಗೆ ಸುತ್ಕಂಡೇ ಅದಲ್ಲ?" ಎಂದಳು ಒಬ್ಬಳು. ಹೋದ ವರ್ಷ ಹೂವು ಕಂದಿ ಹಾಳಾದವಳು ಅವಳೇ. "ಇದ ನಂಬ್ಕಂಡು ನಾನು ಕುಯ್ಲು ಇಟ್ಕಳಕಿಲ್ಲ ಕಣವ್ವ. ನಮ್ಮ ಪಾಡು ನಮ್ಗೆ" ಎಂದು ಸೆರಗು ಕೊಡವಿ ಏಳಲು ಹೊರಟಳು. ಅವಳ ಜೊತೆಗೆ ಇನ್ನೂ ಕೆಲವರು ಮಿಸುಕಾಡಿದರು.

ಅತ್ತೆ ಎದ್ದು ನಿಂತರು. ಇಸ್ತ್ರಿ ಮಾಡಿದ ಸೀರೆ, ನನ್ನ ಕಡೆ ಒಂದು ನೋಟ. "ಹೆಲ್ಲಾರೂ ಸ್ವಲ್ಪ ಹಿರಿ. ಹವಸರ ಮಾಡ್ಬ್ಯಾಡಿ. ಹಾಪು ಹೀಗ ಬತ್ತದೆ."

ಹೆಂಗಸರು ಮುಖ ಮುಖ ನೋಡಿಕೊಂಡರು. ಆಮೇಲೆ ಜಗಲಿಯಿಂದ ಒಂದು ದನಿ, "ಇದೇನಕ್ಕೋ, ಇವತ್ತು ಸೀರೆ ಜೊತೇಲಿ ಬಾಯ್ಗೂ ಇಸ್ತ್ರಿ ಆಕ್ಸಿದ್ದೀಯಾ?" ಎಂದಿತು. ನಡುಮನೆಯೆಲ್ಲ ಗೊಳ್ಳೆಂದಿತು. ಅತ್ತೆಯ ಮುಖ ಕೆಂಪಾಯಿತು. ಎಲ್ಲರೆದುರು ಗಟ್ಟಿಯಾಗಿ ಮಾತಾಡಿ ಗೊತ್ತಿದ್ದ ಹೆಂಗಸು, ಸೆರಗಿನ ತುದಿ ಹಿಡಿದುಕೊಂಡು ನಿಂತರು. ಬೇರೆಯವರು ಎದುರಿಗಿದ್ದಾಗ ಅತ್ತೆ ಹಾಗೆ ಮಾತಾಡುವುದೇ ಇಲ್ಲವೆಂದು ನನಗೆ ಆಗ ಗೊತ್ತಾಯಿತು. ಅವತ್ತು ನಾನಿದ್ದೆನಲ್ಲ, ಅದಕ್ಕೆ.

ಅಷ್ಟರಲ್ಲಿ ವಾರಗಿತ್ತಿ ಜಮಖಾನ ಹೊತ್ತು ಬಂದಳು. ಅವಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಬೇಕೂಂತ್ಲೇ ತಪ್ಪು ಹೆಸರು ಹೇಳಿದ್ದೀಯ, ಅಲ್ವಾ?"

ಅವಳು ಪಿಳಿಪಿಳಿ ನೋಡಿದಳು. ಲ್ಯಾಪ್‌ಟಾಪಿನ ಮುಂದೆ ಬಗ್ಗಿದಳು. "ಅಯ್ಯ ಅಕ್ಕ, ಇಲ್ಲಿ ಎಚ್ ಯಾಕೆ ಆಕಿದ್ದೀರಿ?"

"ಹೂವು ಅಂದ್ರೆ ಎಚ್ ಬರಲ್ವೇನೆ?"

"ನಾನು ಊವು ಅಂದ್ನಲ್ಲಕ್ಕ. ಏನ್ ಎಸ್ರು ಇಕ್ಕಾದು ಅಂತ ಅತ್ತೇನ ಕೇಳ್ದೆ. ಅವ್ರು ಊವು ಅಂದ್ರು. ಅಂಗೇ ಟೈಪ್ ಮಾಡ್ದೆ."

ಎಚ್ ಅಳಿಸಿದಳು. ಒಂದೇ ಅಕ್ಷರ. ಚಕ್ರ ನಿಂತಿತು, ಪಟ್ಟಿ ಮೂಡಿತು. ನಡುಮನೆಯಿಂದ "ಬಂತು, ಬಂತು!" ಎಂಬ ಕೂಗು ಕೇಳಿಸಿತು. ಕೆಟ್ಟವಳೆಂದು ನಾನು ನಂಬಿ ನೆಮ್ಮದಿಪಟ್ಟಿದ್ದವಳು ಒಲೆಯ ಕಟ್ಟೆಗೆ ಒರಗಿ ನಗತೊಡಗಿದಳು.

"ನಿಮ್ಗೇನಕ್ಕ, ಪುಣ್ಯವಂತ್ರು. ನೀವು ಬತ್ತೀರಿ ಅಂದ್ರೆ ಅತ್ತೆ ಬೆಳಗ್ಗಿಂದ್ಲೇ ಹಾಲು, ಹಸ, ಹಿಟ್ಟು ಅಂತ ಬಾಯ್ ತಿದ್ಕತಾರೆ. ನಂಗೆಲ್ಲಿ ಆ ಮರ್ವಾದೆ? ನಂಗೆ ಒಟ್ಟೆ ಉರೀತದೆ." ಆಮೇಲೆ ದನಿ ತಗ್ಗಿಸಿ, "ನೀವು ಬಸ್ಸತ್ತಿ ಓದ್ಮೇಲೆ ನೋಡ್ಬೇಕು, ಉಸ್ಸಪ್ಪ ಅಂತ ಕುಂತ್ಕತಾರೆ, ಬಿಗಿ ರವ್ಕೆ ಬಿಚ್ಚಾಕ್ದಂಗೆ" ಎಂದಳು.

ನಗುತ್ತಲೇ ಹೇಳಿದಳು. ಅವಳಿಗೆ ಅದು ತಮಾಷೆ. ನನಗೆ ಯಾರೋ ಎದೆಗೆ ಒದ್ದ ಹಾಗಾಯಿತು. ಇವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚಂತೆ! ಮರ್ಯಾದೆ ನನ್ನ ಪಾಲಿಗೆ, ಅತ್ತೆ ಇವಳ ಪಾಲಿಗೆ. ಅದಲು ಬದಲು ಮಾಡಿಕೊಳ್ಳೋಣ ಬಾರೇ ಎಂದು ಕೂಗಬೇಕೆನಿಸಿತು.

ಹೊರಗೆ ಬಂದು ಬಾಗಿಲಲ್ಲಿ ನಿಂತೆ. ಹೆಂಗಸರು ಮೊಬೈಲುಗಳ ಮೇಲೆ ಬಗ್ಗಿದ್ದರು. ಹೆಸರುಗಳನ್ನು ಕನ್ನಡ ಅಕ್ಷರಮಾಲೆಯ ಕ್ರಮದಲ್ಲಿ ತೋರಿಸುವಂತೆ ನಾನು ಬರೆದಿದ್ದೆ. ಆದರೆ ಹೆಸರುಗಳೆಲ್ಲ ಅತ್ತೆಯ ಬಾಯಿಂದ ಬಿದ್ದ ಹಾಗೆಯೇ ಇದ್ದವು. ಅಟ್ಟಿಮನೆ. ಇತ್ತಲಮನೆ ಅಕ್ಕ. ಉಣಸೆಮರದ ಮನೆ. "ಅಯ್ಯ, ಇದು ನಾನೇ ಕಣೆ!" ಎಂದು ಒಬ್ಬೊಬ್ಬರೂ ತಮ್ಮ ತಮ್ಮ ಸಾಲಿನ ಮೇಲೆ ಬೆರಳಿಟ್ಟು ಕೂಗುತ್ತಿದ್ದರು. ಏಳಲು ಹೊರಟವಳು ಮತ್ತೆ ಕೂತು, ತನ್ನ ಸರದಿ ಯಾವತ್ತೆಂದು ಪಕ್ಕದವಳಿಗೆ ಓದಿ ಹೇಳುತ್ತಿದ್ದಳು. ಒಂದು ಸಾಲಿನಲ್ಲಿ ಕಿರಿಸೊಸೆ ಎಂದಿತ್ತು. ನಾನು ನನ್ನ ಮೊಬೈಲಿನಲ್ಲಿ ಪಟ್ಟಿಯ ಕೊನೆಯವರೆಗೂ ಇಳಿದು ಹಿರಿಸೊಸೆಯನ್ನು ಹುಡುಕಿದೆ. ಇರಲಿಲ್ಲ. ಮುಯ್ಯಿಗೆ ಬಾರದವಳಿಗೆ ಸರದಿ ಎಲ್ಲಿಂದ ಬರಬೇಕು? ಹ ಅಕ್ಷರದ ಕೆಳಗೆ ಯಾರೊಬ್ಬರೂ ಇರಲಿಲ್ಲ.

ಹೆಂಗಸರು ಎದ್ದು ಹೋದರು. ಅತ್ತೆ ಕಾಫಿ ತಂದು ನನ್ನ ಮುಂದಿಟ್ಟು, "ಹೆದರ್ಕಂಡಿದ್ದೆ ಕಣವ್ವ. ಹೊಳ್ಳೇದಾಯ್ತು" ಎಂದರು. ಒಳ್ಳೆಯದು ಎಂಬ ಮಾತಿಗೂ ಪಾಪ ಒಂದು ಹ ಸಿಕ್ಕಿಸಿದ್ದರು.

ನಾನು ಕಾಫಿ ಮುಟ್ಟಲಿಲ್ಲ. "ಅತ್ತೆ, ನನ್ನೆಸ್ರೂ ಆಕ್ಸಿ. ರಜ ಇದ್ದಾಗ ಊ ಕುಯ್ಯಕ್ಕೆ ನಾನೂ ಬತ್ತೀನಿ" ಎಂದೆ.

ಕಿವಿ ಹಿಂಡಿದ ಅಪ್ಪನ ಕೈ ನೆನಪಾಯಿತು. ಕ್ಷಮಿಸಪ್ಪ ಎಂದುಕೊಂಡೆ.

ಅತ್ತೆ ಕಣ್ಣರಳಿಸಿ ನೋಡಿದರು. "ಹೇನಂದೆ?"

"ಊ ಕುಯ್ಯಕ್ಕೆ ಬತ್ತೀನಿ ಅಂದೆ."

ಮೊದಲು ಅವರ ಭುಜ ಅಲುಗಿತು. ಆಮೇಲೆ ನಗು ತಡೆಯಲಾರದೆ ಅಲ್ಲೇ ಕುಸಿದು ಕೂತು, ನನ್ನ ಮಂಡಿಗೆ ಒಂದು ಏಟು ಹಾಕಿದರು. "ನಿನ್ ನಾಲ್ಗೆಗೆ ಏನ್ ಬಂತಮ್ಮಿ! ಚೆಂಡೂವ ಮುಟ್ಟುದ್ರೆ ಕೈಯೆಲ್ಲ ಕರ್ರಗಾಯ್ತದೆ, ಕಾಲೇಜ್‌ಗೆ ಎಂಗೆ ಓಯ್ತೀಯಮ್ಮಿ?"

"ಆಗ್ಲಿ ಬುಡಿ" ಎಂದೆ. ಎರಡು ಸಲ ಅಮ್ಮಿ ಎಂದಿದ್ದರು.

ವಾರಗಿತ್ತಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡಳು. "ಏನಂತ ಆಕ್ಲಿ ಅಕ್ಕ?" ಎಂದು ಕೇಳಿ, ನನಗಾಗಿ ತುಟಿ ಬಿಗಿಮಾಡಿ, "ಹಿರಿಸೊಸೆ ಅಂತ್ಲಾ?" ಎಂದಳು.

"ಬ್ಯಾಡ. ಅತ್ತೆ ಎಂಗಂತಾರೋ ಅಂಗೆ ಆಕು."

"ಇರಿಸೊಸೆ" ಎಂದರು ಅತ್ತೆ.

ಅವಳು ಟೈಪ್ ಮಾಡಿದಳು. ನನ್ನ ಮೊಬೈಲಿನಲ್ಲಿ ಚಕ್ರ ಒಂದು ಸುತ್ತು ಸುತ್ತಿ ನಿಂತಿತು. ಹ ಇದ್ದಿದ್ದರೆ ನಾನು ಪಟ್ಟಿಯ ತಳಕ್ಕೆ ಹೋಗಿ ಬೀಳುತ್ತಿದ್ದೆ. ಈಗ ಇತ್ತಲಮನೆ ಅಕ್ಕನ ಕೆಳಗೆ, ಉಣಸೆಮರದವಳ ಮೇಲೆ, ಕಿರಿಸೊಸೆಗಿಂತ ಎಷ್ಟೋ ಮೇಲೆ ಕೂತಿದ್ದೆ. ಅದನ್ನು ವಾರಗಿತ್ತಿಯ ಮೂಗಿನ ಹತ್ತಿರ ಹಿಡಿದು, ಅವಳು ಸರಿಯಾಗಿ ನೋಡುವವರೆಗೂ ಹಿಡಿದುಕೊಂಡೇ ಇದ್ದೆ. ಅವಳು ಮುಖ ಊದಿಸಿದಳು. ಅಷ್ಟು ಒಳ್ಳೆಯ ಕಾಫಿಯನ್ನು ನಾನು ಆ ಮನೆಯಲ್ಲಿ ಯಾವತ್ತೂ ಕುಡಿದಿರಲಿಲ್ಲ.

ಬಸ್ಸಿನ ಹೊತ್ತಾಗುತ್ತಿತ್ತು. ಚೀಲ ಕಟ್ಟಿಕೊಳ್ಳುತ್ತಿದ್ದೆ, ಅವಳು ಜಮಖಾನ ಮಡಚುತ್ತಿದ್ದಳು. ಹಿತ್ತಲಿನಿಂದ ಅತ್ತೆ, "ಅಮ್ಮೀ..." ಎಂದು ಕೂಗಿದರು. ಯಾರನ್ನು ಕರೆದರೋ ಗೊತ್ತಿಲ್ಲ. ಅವಳಿಗಿಂತ ಮೊದಲು ಓ ಎಂದವಳು ನಾನು.